ಕಬಿನಿಯ ಆನೆ ಕಡಲಾಚೆಗೆ

ಕಬಿನಿ ಹಿನ್ನೀರಿನಲ್ಲಿ ನಾನು ತೆಗೆದ ಆನೆ ಹಿಂಡಿನ ಚಿತ್ರ ಬೇಕೆಂದು ಜರ್ಮನಿಯಿಂದ ಯಾರಾದರೂ ಬರೆದರೆ ಮೊದಲು ಅಳತೆ ಕೇಳುತ್ತೇನೆ, ಆಮೇಲೆ ಬೆಲೆ ಹೇಳುತ್ತೇನೆ. ಸಾಗಣೆ ಖರ್ಚು ನಿಂತಿರುವುದೇ ಅಳತೆಯ ಮೇಲೆ.

ನನ್ನ ಲೆಕ್ಕ ಸರಳ: ದುಡ್ಡು ಮೊದಲು, ಪ್ರಿಂಟ್ ಆಮೇಲೆ. ಸಣ್ಣ ಮೊತ್ತಕ್ಕೆ ಪೇಪಾಲ್ ಸಾಕು. ಅದರ ಶುಲ್ಕ, ಡಾಲರ್ ಬದಲಾಯಿಸುವಾಗಿನ ಕಡಿತ ಎರಡನ್ನೂ ಬೆಲೆಯಲ್ಲೇ ಸೇರಿಸಿರಬೇಕು. ದೊಡ್ಡ ಮೊತ್ತವಾದರೆ ಬ್ಯಾಂಕಿನ ಸ್ವಿಫ್ಟ್ ಕೋಡ್ ಕೊಡುತ್ತೇನೆ. ಹಣ ಯಾತಕ್ಕೆ ಬಂತೆಂದು ಬ್ಯಾಂಕಿನವರು ಕೇಳಿದಾಗ ‘ಸರಕು ರಫ್ತು’ ಎಂದೇ ತಿಳಿಸಿ, ಹಣ ಬಂದ ದಾಖಲೆ ಎತ್ತಿಡಬೇಕು. ವ್ಯಾಪಾರಕ್ಕೆಂದು ಕಳಿಸುವವರಿಗೆ ಆಮದು-ರಫ್ತು ಸಂಖ್ಯೆ, ಅಂದರೆ ಐಇಸಿ ಬೇಕು. ಆನ್‌ಲೈನ್‌ನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ.

ಗಾಜಿನ ಫ್ರೇಮ್ ಹಾಕಿ ಕಳಿಸುವುದಿಲ್ಲ. ಪ್ರಿಂಟಿನ ಮೇಲೆ ಆಮ್ಲರಹಿತ ತೆಳು ಕಾಗದ ಹಾಸಿ, ಸಡಿಲವಾಗಿ ಸುರುಳಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕಿಳಿಸಿ, ದಪ್ಪ ರಟ್ಟಿನ ಕೊಳವೆಗೆ ಹಾಕುತ್ತೇನೆ. ಎರಡೂ ತುದಿಗೆ ಕಾಗದದ ಉಂಡೆ ತುರುಕಿದರೆ ಒಳಗೆ ಅಲ್ಲಾಡದು.

ಕಸ್ಟಮ್ಸ್ ಚೀಟಿಯಲ್ಲಿ ಛಾಯಾಚಿತ್ರದ ಎಚ್‌ಎಸ್ ಕೋಡ್, ಅಂದರೆ ಸರಕಿನ ವರ್ಗ ಸಂಖ್ಯೆ 4911.91 ಮತ್ತು ನಿಜವಾದ ಬೆಲೆ ಬರೆಯುತ್ತೇನೆ. ‘ಗಿಫ್ಟ್ ಅಂತ ಬರೀರಿ’ ಎನ್ನುವವರಿಗೆ ಕೈಮುಗಿಯುತ್ತೇನೆ. ಐರೋಪ್ಯ ಒಕ್ಕೂಟ 2021ರ ಜುಲೈ 1ರಿಂದ ಸಣ್ಣ ಪಾರ್ಸೆಲ್‌ಗಳ ವ್ಯಾಟ್ ವಿನಾಯಿತಿ ತೆಗೆದಿದೆ. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್‌ವರೆಗಿನ ಸುಂಕ ವಿನಾಯಿತಿ ನಿಲ್ಲಿಸಿದೆ. ಹಾಗಾಗಿ ತೆರಿಗೆ ಯಾರು ಕಟ್ಟಬೇಕೆಂಬುದನ್ನು ದುಡ್ಡು ಪಡೆಯುವ ಮುಂಚೆಯೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಿ. ಗಿರಾಕಿ ಉಳಿಯುವುದು ಅದರಿಂದಲೇ.