ಮುತ್ತತ್ತಿಯ ಹೊಳೆ, ಕೋಲಾರದ ಚಿನ್ನ

ಮುತ್ತತ್ತಿಗೆ ಹೋದವರು ಮುತ್ತೆತ್ತರಾಯನ ಕತೆ ಕೇಳದೆ ಹಿಂದಿರುಗುವುದಿಲ್ಲ. ಕಾವೇರಿಯಲ್ಲಿ ಮೀಯಲು ಇಳಿದ ಸೀತಮ್ಮನ ಮುತ್ತಿನ ಮೂಗುತಿ ಜಾರಿ ನೀರಿಗೆ ಬಿತ್ತು. ಆಂಜನೇಯ ಮಡುವಿಗೆ ಬಾಲ ಬಿಟ್ಟು ಕಲಕಿ ಅದನ್ನು ಎತ್ತಿಕೊಟ್ಟ. ಹಲಗೂರು, ಮಳವಳ್ಳಿ, ಮದ್ದೂರು ಸೀಮೆಯ ಮನೆಮನೆಗೂ ಗೊತ್ತಿರುವ ಕತೆ ಇದು. ಇದೇ ಹೊಳೆ ಇನ್ನೊಂದು ಒಡವೆಯನ್ನೂ ನೆಲದಾಳದಿಂದ ಎತ್ತಿಕೊಟ್ಟಿದೆ ಎಂಬುದು ಮಾತ್ರ ನಮ್ಮ ಸೀಮೆಯಲ್ಲಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಮುತ್ತತ್ತಿಯ ಕಲ್ಲುಗಳ ನಡುವೆ ಹರಿಯುವ ನೀರಿನಲ್ಲಿ ಒಂದು ಪಾಲು, ಮೇಲ್ಗಡೆ ಶಿವನಸಮುದ್ರದ ‘ಬ್ಲಫ್’ನಲ್ಲಿ ಪವರ್‌ಹೌಸಿನ ಚಕ್ರ ತಿರುಗಿಸಿ ಬಂದದ್ದು. ಆ ಚಕ್ರಗಳನ್ನು ಕೂರಿಸಿದ್ದು ಊರಿಗೆ ದೀಪ ಹಚ್ಚುವುದಕ್ಕಲ್ಲ, 147 ಕಿಲೋಮೀಟರ್ ದೂರದ ಕೋಲಾರ ಗೋಲ್ಡ್ ಫೀಲ್ಡ್ಸ್‌ಗಾಗಿ, ಅಂದರೆ ಇವತ್ತಿನ ಕೆಜಿಎಫ್‌ಗಾಗಿ.

ಕೆಜಿಎಫ್ ಎಂದರೆ ಈಗಿನ ಹುಡುಗರಿಗೆ ಸಿನಿಮಾ. ನಿಜವಾದ ಕೆಜಿಎಫ್ ಕೋಲಾರ ಜಿಲ್ಲೆಯ ಒಂದು ಊರು. ಊರು ಎನ್ನುವುದಕ್ಕಿಂತ ಊರುಗಳ ಸಾಲು ಎಂದರೆ ಸರಿ. ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಕೋರಮಂಡಲ್, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡ ಕಪ್ಪು ಶಿಲೆಯ ಪಟ್ಟಿಯೊಂದು ಅಲ್ಲಿದೆ. 250 ಕೋಟಿ ವರ್ಷಕ್ಕೂ ಹಳೆಯದು. ಅದರ ಸಂದುಗಳಲ್ಲಿ ಬೆಣಚುಕಲ್ಲಿನ ಹಾಳೆಗಳಿವೆ, ಚಿನ್ನ ಇದ್ದದ್ದು ಆ ಹಾಳೆಗಳಲ್ಲಿ. ಹಳೆಯ ಕಾಲದವರಿಗೂ ಅದು ಗೊತ್ತಿತ್ತು. ಬ್ರಿಟಿಷರು ಬಂದಾಗ ಅಲ್ಲಿ ಪುರಾತನ ಗುಂಡಿಗಳು ಕಂಡವು. ಟಿಪ್ಪು ಬಿದ್ದ ಮೇಲೆ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ನೋಡಿ ಬರೆದಿಟ್ಟ. ಆ ಬರಹವನ್ನು ಬಹಳ ವರ್ಷಗಳ ಮೇಲೆ ಓದಿದವನು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಮೂಲದ ನಿವೃತ್ತ ಸೈನಿಕ ಮೈಕೇಲ್ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆ ಇವನ ಹೆಸರಿನದೇ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ 20 ವರ್ಷದ ಗುತ್ತಿಗೆ ಪಡೆದ. ಅವನ ಕೈಯಲ್ಲಿ ದುಡ್ಡಿರಲಿಲ್ಲ. ಹಕ್ಕು ಬೇರೆಯವರ ಪಾಲಾಯಿತು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದು, ಹಳಬರು ಬಿಟ್ಟ ಗುಂಡಿಗಿಂತ ಕೆಳಕ್ಕೆ ತೋಡಿದಾಗ ‘ಚಾಂಪಿಯನ್ ಲೋಡ್’ ಎಂಬ ಸಮೃದ್ಧ ಪದರ ಸಿಕ್ಕಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂದು ಒಂದರ ಪಕ್ಕ ಒಂದು ಗಣಿ ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಈಗಿನ ಬಂಗಾರಪೇಟೆಯಿಂದ, ರೈಲೂ ಬಂತು.

ತೊಂದರೆ ಎದುರಾದದ್ದು ಶಕ್ತಿಯದು. ಗಣಿ ಆಳವಾದಷ್ಟೂ ನೀರು ಎತ್ತಬೇಕು, ಗಾಳಿ ತಳ್ಳಬೇಕು, ಅದಿರು ಸೇದಬೇಕು, ಮೇಲೆ ಬಂದ ಕಲ್ಲನ್ನು ಹಗಲಿರುಳು ಕುಟ್ಟಬೇಕು. ಉಗಿಯಂತ್ರಗಳ ಹೊಟ್ಟೆಗೆ ಸುತ್ತಲ ಕಾಡಿನ ಸೌದೆ ಹೋಯಿತು, ದೂರದಿಂದ ತರಿಸಿದ ದುಬಾರಿ ಕಲ್ಲಿದ್ದಲು ಹೋಯಿತು. ಸಾಕಾಗಲಿಲ್ಲ.

ನಮ್ಮ ಮಳವಳ್ಳಿ ತಾಲೂಕು ಈ ಕತೆಯೊಳಕ್ಕೆ ಬರುವುದು ಇಲ್ಲಿ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಸೀಳಿ, ಗಗನಚುಕ್ಕಿ ಭರಚುಕ್ಕಿಯಾಗಿ ಕಣಿವೆಗೆ ಬೀಳುತ್ತದೆ. ಆ ಇಳಿತದ ನೀರಿನಿಂದ ವಿದ್ಯುತ್ ತೆಗೆದು ಚಿನ್ನದ ಗಣಿಗೆ ಕಳಿಸಬಹುದು ಎಂಬ ಯೋಜನೆಯನ್ನು ರೂಪಿಸಿದವನು ಮೈಸೂರಿನ ಲೋಕೋಪಯೋಗಿ ಇಲಾಖೆಯಲ್ಲಿದ್ದ ಕೆನಡಾ ಮೂಲದ ಎಂಜಿನಿಯರ್ ಜೋಲಿ ಡಿ ಲೊಟ್‌ಬಿನಿಯರ್. ಕೈಹಿಡಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಆಗ ಇನ್ನೂ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಪ್ರತಿನಿಧಿ ಆಡಳಿತ. ಇಂಡಿಯಾದಲ್ಲಿ ಅದಕ್ಕೆ ಮೊದಲು ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರ ಒಂದು ಪುಟ್ಟ ಜಲವಿದ್ಯುತ್ ಕೇಂದ್ರವಿತ್ತು, ಹತ್ತಿರದ ಊರಿಗೆ ದೀಪ ಕೊಡುವಷ್ಟರದು. ಇದು ಬೇರೆಯೇ ಅಳತೆಯ ಸಾಹಸ. ತಾನು ಎಂದೂ ಕಾಣದ ತಂತ್ರಕ್ಕೆ ಸಂಸ್ಥಾನವೊಂದು ಖಜಾನೆಯ ಹಣ ಹೂಡಿತು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು, ಕೊನೆಗೆ ಮಳವಳ್ಳಿಯ ಕಾಡುದಾರಿ ಹಿಡಿದು ಆ ಯಂತ್ರಗಳು ಹೊಳೆಯ ದಡಕ್ಕೆ ಇಳಿದವು.

ನದಿಯ ನೀರನ್ನು ಮೇಲೆಯೇ ಕಾಲುವೆಗೆ ತಿರುಗಿಸಿ, ಗುಡ್ಡದ ತುದಿಯವರೆಗೆ ತಂದು, ಕಬ್ಬಿಣದ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಕ್ಕೆ ದುಮುಕಿಸುವುದು ಬ್ಲಫ್‌ನ ವ್ಯವಸ್ಥೆ. ತಳದಲ್ಲಿ ಹೊಳೆಗೆ ಅಂಟಿದಂತೆ ಪವರ್‌ಹೌಸ್. ಮೊದಲು ಕೂರಿಸಿದ್ದು ತಲಾ 720 ಕಿಲೋವಾಟ್‌ನ 6 ಯಂತ್ರ. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಗುಡ್ಡಗಾಡು ದಾಟಿ ಕೋಲಾರದ ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದಕ್ಕೊಂದು ಜಾಗವಿತ್ತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ಬೆಂಗಳೂರಿನ ಪೇಟೆ ಬೀದಿ ಬೆಳಗುವ ಮೊದಲೇ ನಮ್ಮ ಹೊಳೆಯ ವಿದ್ಯುತ್ತು ಭೂಮಿಯೊಳಗೆ ಇಳಿದು ದುಡಿಯುತ್ತಿತ್ತು.

ಹಾಗೆ ಇಳಿದದ್ದು ಎಷ್ಟು ಆಳಕ್ಕೆ! ಚಾಂಪಿಯನ್ ರೀಫ್ ಗಣಿ ಕೊನೆಗೆ ಮುಟ್ಟಿದ್ದು 3 ಕಿಲೋಮೀಟರಿಗೂ ಹೆಚ್ಚು. ಸಮುದ್ರಮಟ್ಟಕ್ಕಿಂತಲೂ 2 ಕಿಲೋಮೀಟರಿಗೂ ಹೆಚ್ಚು ಕೆಳಗೆ ಮನುಷ್ಯರು ನಿಂತು ಬಂಡೆ ಕೊರೆದರು. ಅಲ್ಲಿ ಬಂಡೆಯ ಬಿಸಿ 65 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ತಳ್ಳದಿದ್ದರೆ ಒಂದು ಗಳಿಗೆಯೂ ನಿಲ್ಲುವಂತಿರಲಿಲ್ಲ. ಶಾಫ್ಟಿನ ಪಂಜರದಲ್ಲಿ ಇಳಿದು, ಸುರಂಗದಲ್ಲಿ ನಡೆದು, ಕೊರೆದು, ಮದ್ದು ಸಿಡಿಸಿ, ಕಲ್ಲು ತುಂಬಿ ಕಳಿಸುವುದು ಪಾಳಿಯ ಕೆಲಸ. ಮೇಲೆ ಆ ಕಲ್ಲನ್ನು ಹಿಟ್ಟು ಮಾಡಿ, ಪಾದರಸ ಲೇಪಿಸಿದ ತಗಡಿನ ಮೇಲೆ ಹರಿಸಿದರೆ ಒಂದಿಷ್ಟು ಚಿನ್ನ ಅಂಟುತ್ತಿತ್ತು. ಉಳಿದ ಹಿಟ್ಟನ್ನು ಸೈನೈಡ್ ನೀರಿನಲ್ಲಿ ನೆನೆಸಿ, ಕರಗಿದ ಚಿನ್ನವನ್ನು ಸತುವಿನಿಂದ ಬೇರ್ಪಡಿಸಿ, ಕುಲುಮೆಗೆ ಹಾಕಿ ಗಟ್ಟಿ ಎರೆಯುತ್ತಿದ್ದರು. ಆರಂಭದ ದಿನಗಳಲ್ಲಿ ಟನ್ ಕಲ್ಲಿಗೆ 40 ಗ್ರಾಂಗೂ ಮೇಲೆ ಸಿಗುತ್ತಿದ್ದ ಚಿನ್ನ ಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿಯಿತು. 120 ವರ್ಷದಲ್ಲಿ ಒಟ್ಟು ತೆಗೆದದ್ದು ಸುಮಾರು 800 ಟನ್.

ಆ ಲೆಕ್ಕದ ಪಕ್ಕದಲ್ಲೇ ಬರೆದಿಡಬೇಕಾದ ಇನ್ನೊಂದು ಲೆಕ್ಕ ದುಡಿದವರದು. ಗಣಿ ಉಚ್ಛ್ರಾಯದಲ್ಲಿದ್ದಾಗ ಸುಮಾರು 30 ಸಾವಿರ ಮಂದಿ ಅಲ್ಲಿ ಕೆಲಸದಲ್ಲಿದ್ದರು. ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತ ಕುಟುಂಬಗಳವರು, ತಮಿಳು ತೆಲುಗು ಮಾತಾಡುವವರು. ಊರಿನ ಜೀತ, ಜಾತಿಯ ಕಟ್ಟಳೆ ತಪ್ಪಿಸಿಕೊಂಡು ಕೂಲಿ ಹಣ ಕಾಣಲು ಬಂದವರು. ಸಾಹೇಬರಿಗೆ ಬಂಗಲೆ, ಕ್ಲಬ್ಬು, ತೋಟ. ಕೂಲಿಯವರಿಗೆ ತಟ್ಟಿ ಹೆಣೆದ ಸಾಲುಮನೆ, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಆಳದ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವ ಅನಾಹುತ 19ನೇ ಶತಮಾನದ ಕೊನೆಯಿಂದಲೇ ಶುರುವಾಗಿತ್ತು. ಕೆಳಗೆ ಸಿಡಿದರೆ ಮೇಲೆ ಮನೆಯ ಗೋಡೆ ನಡುಗುತ್ತಿತ್ತು, ಯಾರ ಮನೆಯವರು ಯಾವ ಪಾಳಿಯಲ್ಲಿದ್ದಾರೆಂದು ಹೆಂಗಸರು ಶಾಫ್ಟಿನತ್ತ ಓಡುತ್ತಿದ್ದರು. ಸಿಡಿತಕ್ಕೆ ಸಿಗದವರನ್ನು ಕಲ್ಲಿನ ಧೂಳು ಹಿಡಿಯಿತು. ಸಿಲಿಕೋಸಿಸ್ ಶ್ವಾಸಕೋಶವನ್ನು ಮೆಲ್ಲಗೆ ಕಲ್ಲಾಗಿಸುವ ರೋಗ, ಅದಕ್ಕೆ ಇವತ್ತಿಗೂ ಮದ್ದಿಲ್ಲ. ಈ ಜನ ಸುಮ್ಮನೆ ಸಹಿಸಿದವರೂ ಅಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ನೋಂದಾಯಿಸುವ ಕ್ರಮದ ವಿರುದ್ಧ 1930ರಲ್ಲಿ ಅವರು ಹೂಡಿದ ಮುಷ್ಕರ ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯಲ್ಲಿ ದೊಡ್ಡ ಘಟನೆ.

ಇನ್ನು ನಮ್ಮ ಕಡೆಗೆ ಬಂದ ಪಾಲು. ಗಣಿಗಳ ವಿದ್ಯುತ್ ಹಸಿವು ಬೆಳೆಯುತ್ತ ಹೋಯಿತು. ಬೇಸಿಗೆಯಲ್ಲಿ ಹೊಳೆ ಇಳಿದರೆ ಬ್ಲಫ್‌ನ ಚಕ್ರಗಳಿಗೆ ನೀರು ಸಾಲದು. ಮಳೆಗಾಲದ ನೀರನ್ನು ಮೇಲೆ ಹಿಡಿದಿಟ್ಟರೆ ವರ್ಷವಿಡೀ ಗಣಿಗೆ ವಿದ್ಯುತ್ ಕೊಡಬಹುದು, ಜೊತೆಗೆ ಬಯಲಿಗೆ ನೀರೂ ಹಾಯಿಸಬಹುದು ಎಂದು ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು ವಾದಿಸಿದರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅಷ್ಟು ಖರ್ಚಿಗೆ ಹಿಂಜರಿಯುತ್ತಿದ್ದ ಸರ್ಕಾರಕ್ಕೆ ಧೈರ್ಯ ತುಂಬಿದ ಕಾರಣಗಳಲ್ಲಿ, ಗಣಿಗೆ ವಿದ್ಯುತ್ ಮಾರಿ ಬರುವ ಖಚಿತ ಆದಾಯ ಮುಖ್ಯವಾದದ್ದು. ಆಮೇಲೆ ಹುಲಿಕೆರೆ ಸುರಂಗ ತೂರಿ ಬಂದ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಹುರುಳಿಯ ಹೊಲಗಳನ್ನು ಗದ್ದೆ ಮಾಡಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು. ಮದ್ದೂರಿನ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತವರು ಮಹಾರಾಜರನ್ನೂ ವಿಶ್ವೇಶ್ವರಯ್ಯನವರನ್ನೂ ನೆನೆಯುತ್ತಾರೆ. ನ್ಯಾಯವೇ. ಆದರೆ ಮಾರಿಕುಪ್ಪಂನ ಸುರಂಗದಲ್ಲಿ ಕೆಮ್ಮುತ್ತ ಕಲ್ಲು ಕೊರೆದವನ ಋಣವೂ ನಮ್ಮ ಸೀಮೆಯ ಹಸಿರಿನ ಮೇಲಿದೆ ಎಂದು ನಾನು ನಂಬಿದ್ದೇನೆ. ಅವನ ಗಣಿಗೆ ವಿದ್ಯುತ್ ಬೇಡವಾಗಿದ್ದರೆ ಕಟ್ಟೆ ಆ ಕಾಲಕ್ಕೆ ಏಳುತ್ತಿತ್ತೆಂದು ಹೇಳಲಾಗದು.

ಗಣಿ ಚಿನ್ನ ಕೊಟ್ಟದ್ದಲ್ಲದೆ ವಿಜ್ಞಾನಕ್ಕೂ ಜಾಗ ಕೊಟ್ಟಿತು. ನಮ್ಮ ಕಪಿಲೆಯ ದಡದ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಮತ್ತು ಎಂ.ಜಿ.ಕೆ. ಮೆನನ್ ಮುಂತಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಳದ ಗಣಿಯಲ್ಲಿ ಉಪಕರಣ ಇಟ್ಟರು. ಮೇಲಿನ ಬಂಡೆ ಬೇರೆ ಕಣಗಳನ್ನು ಬಹುತೇಕ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಸಲೀಸಾಗಿ ತೂರಿ ಬರುತ್ತದೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ 1965ರಲ್ಲಿ ಜಗತ್ತಿನಲ್ಲೇ ಮೊದಲಿಗೆ ಗುರುತು ಸಿಕ್ಕ ತಾಣಗಳಲ್ಲಿ ಕೆಜಿಎಫ್ ಒಂದು. ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಒಪ್ಪಿಸಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಆಳ ಹೆಚ್ಚಿ, ಅದಿರು ಸಪ್ಪೆಯಾಗಿ, ತೆಗೆಯುವ ಖರ್ಚು ಸಿಗುವ ಚಿನ್ನವನ್ನು ಮೀರಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರು. ಪಂಪುಗಳು ನಿಂತವು. ನೂರು ವರ್ಷ ವಿದ್ಯುತ್ ಬಲದಿಂದ ಹೊರಗಿಟ್ಟಿದ್ದ ನೀರು ಸುರಂಗಗಳನ್ನು ತುಂಬಿತು. ಈಗ ಕರ್ನಾಟಕದಲ್ಲಿ ಚಿನ್ನ ತೆಗೆಯುವ ಹೆಸರಾಂತ ಊರು ಎಂದರೆ ರಾಯಚೂರು ಜಿಲ್ಲೆಯ ಹಟ್ಟಿ.

ಹಾಗೆಂದು ಕೆಜಿಎಫ್ ಸತ್ತ ಊರಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತವೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಅವರು. ಕಾರ್ಖಾನೆ, ಆಸ್ಪತ್ರೆ, ಅಂಗಡಿ, ಕಚೇರಿಗಳಲ್ಲಿ ದುಡಿದು ರಾತ್ರಿ ಮರಳುತ್ತಾರೆ. 1964ರಲ್ಲಿ ಹುಟ್ಟಿದ ಬೆಮೆಲ್ ಕಂಪನಿಯ ಕಾರ್ಖಾನೆ ಒಂದಿಷ್ಟು ಕುಟುಂಬಗಳನ್ನು ಸಾಕಿದೆ. ಚರ್ಚು, ದೇವಸ್ಥಾನ, ಬೌದ್ಧ ವಿಹಾರ, ಮಸೀದಿ ಎಲ್ಲವೂ ಇವೆ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕಿವಿಗೆ ಬೀಳುತ್ತವೆ. ಊರಿನ ಮಧ್ಯೆ ಬೂದುಬಣ್ಣದ ಸೈನೈಡ್ ದಿಬ್ಬಗಳು, ಕುಟ್ಟಿ ಚಿನ್ನ ತೆಗೆದು ಎಸೆದ 3 ಕೋಟಿ ಟನ್ನಿಗೂ ಮೀರಿದ ಹಿಟ್ಟು. ಬೇಸಿಗೆಯ ಗಾಳಿಗೆ ಅದರ ಧೂಳು ಮನೆಯೊಳಗೆ ಬರುತ್ತದೆ, ಮಳೆ ಬಂದರೆ ಕೊಚ್ಚಿ ಹೊಲಕ್ಕೆ ಇಳಿಯುತ್ತದೆ. ಆ ಹಿಟ್ಟಿನಲ್ಲಿ ಇನ್ನೂ ಚಿನ್ನವಿದೆ. 13 ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಆ ಕೆಲಸ ಶುರುವಾಗುವುದಾದರೆ ಮೊದಲ ಪಾಳಿಯಲ್ಲಿ ಇರಬೇಕಾದವರು ರೈಲು ಹತ್ತುವ ಆ ಹುಡುಗರು, ಹುಡುಗಿಯರು. ಧೂಳು ಹಿಡಿಯುವ ವ್ಯವಸ್ಥೆ ದಿಬ್ಬ ಕೆದಕುವ ಮೊದಲೇ ಬರಬೇಕು. ಅಜ್ಜಂದಿರು ಬಾಳಿದ ಸಾಲುಮನೆಗಳ ಹಕ್ಕುಪತ್ರ ಎಲ್ಲರ ಕೈಸೇರಬೇಕು. ಇವೆಲ್ಲ ಕೋಲಾರದವರ ಬೇಡಿಕೆ ಎಂದು ಮಂಡ್ಯದವರು ಸುಮ್ಮನಿರಬಾರದು. ಬ್ಲಫ್‌ನ ಪವರ್‌ಹೌಸ್ ಇವತ್ತಿಗೂ 42 ಮೆಗಾವಾಟ್ ಸಾಮರ್ಥ್ಯದೊಂದಿಗೆ ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿದೆ. ಒಳಗೆ ಹೋಗಲು ಅನುಮತಿ ಬೇಕು. ಗಗನಚುಕ್ಕಿ ನೋಡಲು ಬರುವ ಶಾಲಾ ಮಕ್ಕಳಿಗೆ, ಈ ನೀರು ಎಲ್ಲಿಯ ಗಣಿಗೆ ದುಡಿಯಿತು, ಅಲ್ಲಿ ಯಾರು ದುಡಿದರು ಎಂದು ಮೇಷ್ಟ್ರುಗಳು ಹೇಳಬೇಕು. ಕೆಜಿಎಫ್‌ನ ಶಾಲೆಯವರೂ ಒಮ್ಮೆ ಮಕ್ಕಳನ್ನು ಶಿವನಸಮುದ್ರಕ್ಕೆ, ಮುತ್ತತ್ತಿಗೆ ಕರೆತರಲಿ.