ಅಭ್ಯಾಸಕ್ಕೂ ಎದುರಾಳಿ ಬೇಕು

ಮಗಳನ್ನು ಫುಟ್ಸಾಲ್ ತರಬೇತಿಗೆ ಸೇರಿಸಿರುವ ಬೆಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ: ‘ಕೋಚ್ ಡ್ರಿಲ್ ಮಾಡಿಸುವುದೇ ಕಡಿಮೆ. ಅರ್ಧ ಕೋರ್ಟಿನಲ್ಲಿ ಮೂವರ ಎದುರು ಮೂವರನ್ನು ಬಿಟ್ಟು ಆಡಿಸುತ್ತಾರೆ. ಇದರಲ್ಲಿ ಕಲಿಯುವುದೇನಿದೆ?’

ಬೇಕಾದಷ್ಟಿದೆ. ಅದರ ಎಳೆ ಹಿಡಿದು ಹೊರಟರೆ 1920ರ ದಶಕದ ಮಾಸ್ಕೋಗೆ ಹೋಗಿ ಮುಟ್ಟುತ್ತೇವೆ. ಉಳಿಗೆ ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ತೋಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ ಅಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಫೋಟೊ ತೆಗೆದರು. ಸುತ್ತಿಗೆ ಹೆಚ್ಚುಕಡಿಮೆ ಒಂದೇ ದಾರಿ ಹಿಡಿದು ಉಳಿಯ ತಲೆಗೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈಗಳು ಸಾಗಿದ ದಾರಿ ಒಂದೊಂದು ಏಟಿಗೂ ಬೇರೆ ಬೇರೆ! ಒಂದು ಕೀಲು ತುಸು ಆಚೀಚೆ ಆದರೆ ಇನ್ನೊಂದು ಸರಿದೂಗಿಸುತ್ತಿತ್ತು. ನುರಿತ ಕೈ ಹಳೆಯ ಚಲನೆಯನ್ನು ಮಕ್ಕೀಕಾಮಕ್ಕಿ ನಕಲು ಮಾಡದೆ, ಗುರಿಯನ್ನು ಪ್ರತಿ ಸಲ ಹೊಸದಾಗಿ ಮುಟ್ಟುತ್ತದೆ. ಉತ್ತರ ಉರು ಹೊಡೆದರೆ ಸಾಲದು, ಸಮಸ್ಯೆಯನ್ನೇ ಮತ್ತೆ ಮತ್ತೆ ಬಿಡಿಸಬೇಕು ಎಂಬುದು ಅಭ್ಯಾಸದ ಬಗ್ಗೆ ಬರ್ನ್‌ಸ್ಟೈನ್ ತಲುಪಿದ ತೀರ್ಮಾನ. ಚಲನೆಯ ವಿಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ಹೊಳಹು ನನಗೆ ಕಂಡಿಲ್ಲ.

ಈಗ ಕೋರ್ಟಿಗೆ ಬನ್ನಿ. ಕೋನ್‌ಗಳ ನಡುವೆ ಚೆಂಡು ಹೊರಳಿಸುವಾಗ ಯಾವ ಕೋನೂ ಕಾಲು ಚಾಚುವುದಿಲ್ಲ. ಮೂವರ ಆಟದಲ್ಲಿ ಹುಡುಗಿ ಚೆಂಡನ್ನು ಅಂಗಾಲಿನಡಿ ನಿಲ್ಲಿಸುವಷ್ಟರಲ್ಲಿ ಎದುರಾಳಿ ಎಡದಿಂದ ನುಗ್ಗಿರುತ್ತಾಳೆ. ಚೆಂಡು ಬರುವ ಮೊದಲೇ ತಿರುಗಿ ನೋಡಿಕೊಂಡಿದ್ದರೆ ಮಾತ್ರ ಜೊತೆಯವಳು ಎಲ್ಲಿದ್ದಾಳೆಂದು ಗೊತ್ತಿರುತ್ತದೆ. ಪಾಸ್ ಕೊಡಬೇಕೆ, ಚೆಂಡನ್ನು ಅಂಗಾಲಿನಿಂದ ಹಿಂದಕ್ಕೆಳೆದು ತಿರುಗಬೇಕೆ? ಕೆಲವೇ ನಿಮಿಷಗಳಲ್ಲಿ ಇಂಥ ಇಕ್ಕಟ್ಟು ಹತ್ತಾರು ಸಲ, ಒಂದರಂತೆ ಇನ್ನೊಂದಿಲ್ಲ.

ಫುಟ್ಸಾಲ್ ಹುಟ್ಟಿದ್ದೂ ಕಿರಿದಾದ ಜಾಗಕ್ಕಾಗಿಯೇ. ಉರುಗ್ವೆಯ ಮಾಂಟೆವಿಡಿಯೊದಲ್ಲಿ, ವೈಎಂಸಿಎಯ ಹ್ವಾನ್ ಕಾರ್ಲೋಸ್ ಸೆರಿಯಾನಿ 1930ರಲ್ಲಿ ಅದನ್ನು ರೂಪಿಸಿದರು. 40×20 ಮೀಟರ್ ಕೋರ್ಟಿನಲ್ಲಿ ಹತ್ತು ಮಂದಿ, ಅಂದರೆ ತಲಾ 80 ಚದರ ಮೀಟರ್. 105×68 ಮೀಟರಿನ ಫುಟ್‌ಬಾಲ್ ಮೈದಾನದಲ್ಲಿ ತಲಾ ಸುಮಾರು 325. ಎರಡು ಮೀಟರ್ ಎತ್ತರದಿಂದ ಬಿಟ್ಟ ಫುಟ್ಸಾಲ್ ಚೆಂಡು ಪುಟಿಯುವುದೂ 50ರಿಂದ 65 ಸೆಂಟಿಮೀಟರ್ ಅಷ್ಟೆ.

ಹಾಗಂತ ಜಾಗ ಕಡಿಮೆಯಾದಷ್ಟೂ ಲಾಭ ಎಂದೇನಿಲ್ಲ. ಆರು ಮಂದಿಗೆ 20×20 ಕೊಟ್ಟರೆ ತಲಾ 67 ಚದರ ಮೀಟರ್, ನಿಜವಾದ ಪಂದ್ಯಕ್ಕೆ ಹತ್ತಿರ. 15×10ಕ್ಕೆ ಇಳಿಸಿದರೆ ಬರೀ 25. ಅಲ್ಲಿ ಕಾಲು ಚುರುಕಾಗುತ್ತದೆ, ಆದರೆ ಓಟ ತಗ್ಗುತ್ತದೆ, ಎದೆಬಡಿತವೂ ಅಷ್ಟು ಏರದು. ಗೋಲುಗಳನ್ನೇ ತೆಗೆದು ಚೆಂಡು ಉಳಿಸಿಕೊಳ್ಳುವ ಆಟವನ್ನಷ್ಟೇ ದಿನವೂ ಆಡಿಸಿದರೆ ಮಕ್ಕಳಿಗೆ ಮುನ್ನುಗ್ಗುವ ರೂಢಿ ಬೆಳೆಯುವುದು ಹೇಗೆ?

ಪೆಲೆ, ರೊನಾಲ್ಡಿನೊ ಚಿಕ್ಕಂದಿನಲ್ಲಿ ಫುಟ್ಸಾಲ್ ಆಡಿದ್ದು ನಿಜ. ಅದನ್ನೇ ಮುಂದಿಟ್ಟು ಮಾಡುವ ಪ್ರಚಾರವನ್ನು ನಾನು ನಂಬುವುದಿಲ್ಲ. ಆಡಿಯೂ ಹೆಸರು ಮಾಡದ ಬ್ರೆಜಿಲ್‌ನ ಅಸಂಖ್ಯ ಮಕ್ಕಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಓದುಗರು ಮುಂದಿನ ಸಲ ಕೋರ್ಟಿನ ಬದಿಯಲ್ಲಿ ನಿಂತಾಗ ನೋಡಬೇಕಾದ್ದು ಬೇರೆ: ಕೋಚ್ ಜಾಗದ ಅಳತೆ, ಆಟಗಾರರ ಸಂಖ್ಯೆ, ಗೋಲುಗಳ ಜಾಗ ಬದಲಿಸುತ್ತಿದ್ದಾರೆಯೆ? ಚೆಂಡು ಬರುವ ಮೊದಲು ಮಗಳು ಸುತ್ತ ಕಣ್ಣು ಹಾಯಿಸುತ್ತಿದ್ದಾಳೆಯೆ?