ಪಟ್ಟಿಯಿಂದ ಡಿಕ್ಷನರಿಗೆ

ಗಣಕಯಂತ್ರದ ಗೊಡವೆ ಕಲಾ ವಿದ್ಯಾರ್ಥಿಗಳಾದ ನಮಗೇಕೆಂದು ಮಿತ್ರರು ಮೂಗು ಮುರಿಯಬಹುದು. ಆದರೆ ಡಿಕ್ಷನರಿಯ ಮಾತನ್ನು ನಾವಲ್ಲದೆ ಮತ್ತಾರು ಆಡಬೇಕು?

ಕಳೆದ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರ ಪಟ್ಟಿಯನ್ನು ಸಿ ಶಾರ್ಪ್ ಭಾಷೆಯಲ್ಲಿ ಅಳವಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಒಬ್ಬೊಬ್ಬ ಅರ್ಜಿದಾರರೂ ಒಂದೊಂದು ಆಬ್ಜೆಕ್ಟ್; ಹೆಸರು, ನೋಂದಣಿ ಸಂಖ್ಯೆ, ಊರು ಇವು ಅದರ ಪ್ರಾಪರ್ಟಿಗಳು. ಪಟ್ಟಿಯಲ್ಲಿ ಒಬ್ಬರನ್ನು ಹುಡುಕಬೇಕಾದರೆ ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗಬೇಕು. ಡಿಕ್ಷನರಿಯಲ್ಲಿ ಈ ಶ್ರಮವಿಲ್ಲ. ‘ಕೀ’ ಎಂಬ ಗುರುತನ್ನು ಕೊಟ್ಟೊಡನೆ ಯಂತ್ರವು ಅದರಿಂದ ಒಂದು ಹ್ಯಾಷ್ ಸಂಖ್ಯೆಯನ್ನು ಲೆಕ್ಕಹಾಕಿ ನೇರವಾಗಿ ಆ ಗೂಡಿಗೇ ಕೈಹಾಕುತ್ತದೆ.

ಯಾವ ಪ್ರಾಪರ್ಟಿ ಕೀ ಆಗಬೇಕೆಂಬುದು ಮೊದಲೇ ಗೊತ್ತಿದ್ದರೆ, 2007ರಲ್ಲಿ ಬಂದ ‘ಟುಡಿಕ್ಷನರಿ’ ಎಂಬ ಸಿದ್ಧ ವಿಧಾನವೇ ಸಾಕು. ನನ್ನ ಪ್ರೋಗ್ರಾಂ ಇಂದು ವಿದ್ಯಾರ್ಥಿಗಳ ಪಟ್ಟಿಗೆ, ನಾಳೆ ಪುಸ್ತಕಗಳ ಪಟ್ಟಿಗೆ ಒದಗಬೇಕಾಗಿತ್ತು. ಇಲ್ಲಿಯೇ ರಿಫ್ಲೆಕ್ಷನ್ನಿನ ಉಪಯೋಗ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಂತೆ, ಪ್ರೋಗ್ರಾಂ ಓಡುತ್ತಿರುವಾಗಲೇ ತನ್ನ ರಚನೆಯನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೆ ಈ ಹೆಸರು. ಬ್ರಯಾನ್ ಕ್ಯಾಂಟ್‌ವೆಲ್ ಸ್ಮಿತ್ ಎಂಬವರು 1982ರಲ್ಲಿ ಎಂ.ಐ.ಟಿ.ಗೆ ಸಲ್ಲಿಸಿದ ಪ್ರಬಂಧದಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ.

ಕ್ರಮ ಹೀಗೆ: ಆಬ್ಜೆಕ್ಟಿನ ಜಾತಿ, ಅಂದರೆ ‘ಟೈಪ್’, ಯಾವುದೆಂದು ತಿಳಿದು, ‘ಗೆಟ್‌ಪ್ರಾಪರ್ಟಿ’ಯ ಮೂಲಕ ನಮಗೆ ಬೇಕಾದ ಪ್ರಾಪರ್ಟಿಯನ್ನು ಹೆಸರಿನಿಂದ ಕೇಳಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸಿಗುವುದು ‘ನಲ್’ ಎಂಬ ಶೂನ್ಯವೇ. ಆಮೇಲೆ ಪಟ್ಟಿಯ ಪ್ರತಿಯೊಂದು ಆಬ್ಜೆಕ್ಟಿನಿಂದಲೂ ‘ಗೆಟ್‌ವ್ಯಾಲ್ಯೂ’ ಬಳಸಿ ಬೆಲೆಯನ್ನು ಪಡೆದು, ಅದನ್ನು ಕೀಯಾಗಿಸಿ ಡಿಕ್ಷನರಿಗೆ ಸೇರಿಸಬೇಕು. ರಿಫ್ಲೆಕ್ಷನ್ ನೇರ ದಾರಿಗಿಂತ ನಿಧಾನ. ಆದಕಾರಣ ಪ್ರಾಪರ್ಟಿಯನ್ನು ಹುಡುಕುವ ಕೆಲಸವನ್ನು ಒಮ್ಮೆ ಮಾತ್ರ, ಆವರ್ತನೆಯ ಹೊರಗೆ, ಮಾಡಿಕೊಳ್ಳುವುದು ಲೇಸು.

ಇಷ್ಟೆಲ್ಲ ತಿಳಿದೂ ನಾನು ಎಡವಿದೆ. ಹೆಸರನ್ನೇ ಕೀಯನ್ನಾಗಿ ಆರಿಸಿದೆ. ಪಟ್ಟಿಯಲ್ಲಿ 42 ಮಂದಿ; ಡಿಕ್ಷನರಿಯಲ್ಲಿ 41! ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು. ಚೌಕ ಕಂಸದ ಮೂಲಕ ಬೆಲೆ ತುಂಬಿದ್ದರಿಂದ ಎರಡನೆಯವಳು ಮೊದಲನೆಯವಳ ಜಾಗದಲ್ಲಿ ಸದ್ದಿಲ್ಲದೆ ಕುಳಿತುಬಿಟ್ಟಿದ್ದಳು. ‘ಆಡ್’ ಎಂಬ ವಿಧಾನವನ್ನು ಬಳಸಿದ್ದರೆ ಯಂತ್ರವು ಅಲ್ಲಿಯೇ ತಡೆದು, ತಪ್ಪನ್ನು ಸಾರಿ ಹೇಳುತ್ತಿತ್ತು. ಎಣಿಸಿ ನೋಡದೆ ಪಟ್ಟಿಯನ್ನು ಒಪ್ಪಿಸಿದ್ದರೆ, ಒಬ್ಬಳ ಒಂದು ವರ್ಷದ ಓದು ನನ್ನ ಆತುರಕ್ಕೆ ಬಲಿಯಾಗುತ್ತಿತ್ತು. ಅಂದೇ ನೋಂದಣಿ ಸಂಖ್ಯೆಯನ್ನು ಕೀ ಮಾಡಿದೆ. ‘ಆಡ್’ ಅನ್ನೇ ಬಳಸಿದೆ.

ನಮ್ಮ ನುಡಿಯಲ್ಲಿ ‘ಹತ್ತು’ ಎಂದರೆ ಸಂಖ್ಯೆಯೂ ಹೌದು, ಏರು ಎಂಬ ಕ್ರಿಯೆಯೂ ಹೌದು. ಕನ್ನಡ ನಿಘಂಟು ಎರಡಕ್ಕೂ ಎಡೆ ಕೊಡುತ್ತದೆ. ಯಂತ್ರದ ಡಿಕ್ಷನರಿಗೆ ಆ ಔದಾರ್ಯವಿಲ್ಲ. ಅಲ್ಲಿ ಒಂದು ಕೀಗೆ ಒಂದೇ ಎಡೆ. ಆದುದರಿಂದ ಯಾರನ್ನು ಯಾವುದರಿಂದ ಗುರುತಿಸಬೇಕೆಂಬ ವಿವೇಕ ಬರೆಯುವವನಲ್ಲಿರಬೇಕು. ಕನ್ನಡಿ ಮುಖವನ್ನು ತೋರಿಸೀತು. ಗುರುತು ಹಿಡಿಯಬೇಕಾದವರು ನಾವು.